ದುರ್ಗದ ಬಯಲಿಗೆ ಬಣ್ಣ ಹಚ್ಚಿದ ವರ್ಷ

ಮೊನ್ನೆ ಹಿರಿಯೂರಿನಲ್ಲಿ ಒಂದು ಸಭೆ ಮುಗಿಸಿ ದಾವಣಗೆರೆ ಬಸ್ಸು ಹತ್ತಿದವಳು ಚಿತ್ರದುರ್ಗದಲ್ಲಿ ಇಳಿದುಬಿಟ್ಟೆ. ಇಳಿಯುವಂಥ ಕೆಲಸವೇನೂ ಇರಲಿಲ್ಲ. ಆಟೋದವನಿಗೆ ಬಡಾವಣೆಯ ಹೆಸರು ಹೇಳಿದರೆ ಯಾವ ಕ್ರಾಸು ಎಂದು ಕೇಳಿದ. ನನಗೇನು ಗೊತ್ತು? ನಾನು ಕಂಡಾಗ ಅಲ್ಲಿ ಕ್ರಾಸೂ ಇರಲಿಲ್ಲ, ಮೇನೂ ಇರಲಿಲ್ಲ. ಎಲ್ಲಾದರೂ ನಿಲ್ಲಿಸಪ್ಪ ಎಂದೆ. ಮಳೆ ಆಗಷ್ಟೇ ಬಿಟ್ಟಿತ್ತು. ಎರಡು ಮನೆಗಳ ನಡುವಿನ ಖಾಲಿ ಸೈಟಿನಲ್ಲಿ ಯಾರೋ ಕೈತೋಟಕ್ಕೆಂದು ಕುರಿಗೊಬ್ಬರ ಸುರಿಸಿದ್ದರು. ನೆನೆದ ಹಿಕ್ಕೆಯ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಗೊತ್ತಿಲ್ಲದವರಿಗೆ ಅದು ನಾತ. ನನಗೆ ಅದು ಆ ಒಂದು ವರ್ಷ, ನಾನು ಸೋತ ವರ್ಷ. ಸೆರಗು ಮೂಗಿಗೆ ಹಿಡಿದು ದಾಟಿಹೋದ ಹೆಂಗಸೊಬ್ಬಳು ನನ್ನನ್ನು ವಿಚಿತ್ರವಾಗಿ ನೋಡಿದಳು, ಏಕೆಂದರೆ ನಾನು ಅಲ್ಲೇ ನಿಂತು ಅಳುತ್ತಿದ್ದೆ.

ದುರ್ಗಕ್ಕೆ ನನ್ನ ವರ್ಗವಾದದ್ದು ಆಷಾಢದಲ್ಲಿ. ನಗರ ಯೋಜನೆ ನನ್ನ ಕೆಲಸ. ಊರು ಯಾವ ದಿಕ್ಕಿಗೆ ಬೆಳೆಯಬೇಕು, ಎಲ್ಲಿ ಮನೆ, ಎಲ್ಲಿ ಅಂಗಡಿ, ಎಲ್ಲಿ ಬಯಲು ಎಂದು ನಕ್ಷೆಯ ಮೇಲೆ ಬಣ್ಣ ಹಚ್ಚುವವರಲ್ಲಿ ನಾನೂ ಒಬ್ಬಳು. ಊರಿನ ಮಾಸ್ಟರ್ ಪ್ಲಾನನ್ನು ಆ ವರ್ಷ ಹೊಸದಾಗಿ ಬರೆಯಬೇಕಿತ್ತು. ಆಷಾಢದಲ್ಲಿ ದುರ್ಗದ ಗಾಳಿ ಕಂಡವರಿಗೇ ಗೊತ್ತು. ಕಿಟಕಿ ತೆರೆದರೆ ನಕ್ಷೆ ಹಾರುತ್ತದೆ, ಮುಚ್ಚಿದರೆ ಉಸಿರು ಕಟ್ಟುತ್ತದೆ. ನಕ್ಷೆ ಬರೆಯುವ ತಿಪ್ಪೇಸ್ವಾಮಿ ಹಾಳೆಯ ಮೂಲೆಗಳಿಗೆ ಬೆಟ್ಟದಿಂದ ತಂದ ಕಲ್ಲು ಹೇರಿ, ಮೇಜಿನ ಮೇಲೆ ಊರನ್ನು ಹರಡಿಕೊಂಡು ಕೂರುತ್ತಿದ್ದರು. ಹಳದಿ ಎಂದರೆ ವಸತಿ, ನೀಲಿ ಎಂದರೆ ವ್ಯಾಪಾರ, ನೇರಳೆ ಎಂದರೆ ಕಾರ್ಖಾನೆ, ಹಸಿರು ಎಂದರೆ ಉದ್ಯಾನ ಮತ್ತು ಬಯಲು. ನನಗೆ ಒಪ್ಪಿಸಿದ್ದು ಹಸಿರು.

ಹಳೆಯ ನಕ್ಷೆಯ ಹಸಿರನ್ನೆಲ್ಲ ಗುರುತು ಮಾಡಿಕೊಂಡು ಒಂದೊಂದನ್ನೂ ನೋಡಿಬಂದೆ. ಒಂದು ಕಡೆ ನಿಂತರೆ ಜಾರುವ ಬಂಡೆ, ಇನ್ನೊಂದು ಕಡೆ ರಾಜಕಾಲುವೆಯ ಅಂಚು, ಮತ್ತೊಂದು ಕಡೆ ಸ್ಮಶಾನ. ಬಂದು ರೇಗಿದೆ. ತಿಪ್ಪೇಸ್ವಾಮಿ ಕನ್ನಡಕ ಒರೆಸುತ್ತಾ ನಕ್ಕರು. ಮನೆ ಕಟ್ಟಲಾಗದ ಜಾಗಕ್ಕೆಲ್ಲ ಹಸಿರು ಬಳಿಯುವುದು ಹಿಂದಿನಿಂದಲೂ ನಡೆದು ಬಂದದ್ದು, ಸತ್ತವರಾದರೂ ಗಾಳಿ ತಗೊಳ್ಳಲಿ ಬಿಡಿ ಮೇಡಂ ಎಂದರು. ನಗುವ ಮಾತೇ, ಆದರೆ ನನಗೆ ನಗು ಬರಲಿಲ್ಲ. ನಮ್ಮಪ್ಪ ಚಿಕ್ಕಜಾಜೂರಿನಲ್ಲಿ ರೈಲ್ವೆ ಗೇಟು ಕಾಯುತ್ತಿದ್ದವರು. ನಾನು ಬೆಳೆದದ್ದು ಹಳಿ ಪಕ್ಕದ ಬಯಲಿನಲ್ಲಿ. ಏಯ್ ಯಾರದು, ಆಚೆ ಹೋಗು ಎಂದು ಯಾರೂ ಗದರದ ಒಂದು ಜಾಗ ಮಕ್ಕಳಿಗೆ ಬೇಕು, ಮುದುಕರಿಗೆ ಬೇಕು, ಕೆಲಸವಿಲ್ಲದವರಿಗೂ ಬೇಕು. ಅದು ನಾನು ಪುಸ್ತಕದಲ್ಲಿ ಓದಿದ್ದಲ್ಲ. ಊರು ನಾಳೆ ಎಲ್ಲಿಗೆ ಬೆಳೆಯುತ್ತದೋ ಅಲ್ಲಿ ಇವತ್ತೇ ಒಂದು ನಿಜವಾದ ಬಯಲನ್ನು ಹಿಡಿದಿಡಬೇಕು ಎಂದು ಹಟ ಹುಟ್ಟಿತು.

ಹಾಗೆ ಹುಡುಕುತ್ತ ಹೋದಾಗ ಸಿಕ್ಕಿದ್ದು ಕಾರೆಬಯಲು. ಊರಿನ ಕೊನೆಯ ಮನೆಗಳಿಗೂ ಹೆದ್ದಾರಿಗೂ ನಡುವೆ ಇದ್ದ ಗೋಮಾಳ, ಸರ್ಕಾರದ ಜಮೀನು. ಬೆಟ್ಟದಿಂದ ಇಳಿದ ನೀರು ಅಲ್ಲಿ ಹರಡಿ, ಇಂಗಿ, ಉಳಿದದ್ದು ಸಣ್ಣ ಹಳ್ಳವಾಗಿ ಹರಿಯುತ್ತಿತ್ತು. ಅಲ್ಲಲ್ಲಿ ಕಾರೆಗಿಡ, ತಂಗಡಿ, ಮಧ್ಯೆ ಹುಲ್ಲು. ನಾನು ಮೊದಲ ಸಲ ಹೋದ ದಿನ ತುಂತುರು ಹನಿಯುತ್ತಿತ್ತು, ಬಯಲ ತುಂಬ ಕುರಿ. ಕಂಬಳಿ ಕೊಪ್ಪೆ ಹಾಕಿಕೊಂಡು ನಿಂತಿದ್ದವರು ಬೀರಣ್ಣ. ಬಯಲಿನ ಪಕ್ಕದ ಕುರುಬರ ಹಟ್ಟಿಯಲ್ಲಿ ಹಿರೀಕರ ಸಾಲಿನಲ್ಲಿ ಕೂರುವ ಮನುಷ್ಯ. ಆಫೀಸಿನವರು ಎಂದು ತಿಳಿದ ಕೂಡಲೇ ಅವರ ಮುಖ ಬಿಗಿಯಿತು. ಅವರ ಹೆಂಡತಿ ಗಂಗಕ್ಕ ಮಾತ್ರ, ಮಳೇಲಿ ಎಷ್ಟೊತ್ತು ನಿಲ್ತೀರಿ, ಒಳಗೆ ಬಂದು ಕುಂತ್ಕಳ್ರಿ ಎಂದು ಕರೆದು, ಸಜ್ಜೆ ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿ ಕೊಟ್ಟರು.

ಆ ಮಳೆಗಾಲವೆಲ್ಲ ನಾನು ವಾರಕ್ಕೊಮ್ಮೆಯಾದರೂ ಅಲ್ಲಿಗೆ ಹೋದೆ. ಹೋದಂತೆ ಅವರ ವರ್ಷ ಹೇಗೆ ತಿರುಗುತ್ತದೆ ಎಂಬುದು ಅರ್ಥವಾಯಿತು. ಸುಗ್ಗಿ ಮುಗಿದ ಮೇಲೆ ಅವರಿಗೆ ಜಾಗದ ಚಿಂತೆಯಿಲ್ಲ. ತುರುವನೂರಿನ ಎರೆಹೊಲಗಳಿಗೋ ಶ್ರೀರಾಂಪುರದ ಕಡೆಯ ತೋಟಗಳಿಗೋ ಹಿಂಡು ಹೊಡೆದುಕೊಂಡು ಹೋಗುತ್ತಾರೆ. ರಾತ್ರಿ ಹೊಲದಲ್ಲೇ ಕುರಿ ತರುಬಿ ನಿಲ್ಲಿಸಿದರೆ ಅದಕ್ಕೆ ಗೊಬ್ಬರವಾಗುತ್ತದೆಂದು ರೈತರೇ ಕರೆಯುತ್ತಾರೆ. ಕಷ್ಟ ಇರುವುದು ಮಳೆಗಾಲದಲ್ಲಿ. ಬಿತ್ತನೆಯಾದ ಮೇಲೆ ಯಾವ ಹೊಲಕ್ಕೂ ಕುರಿ ಕಾಲಿಡುವಂತಿಲ್ಲ. ಆ ತಿಂಗಳುಗಳಲ್ಲಿ ಹಟ್ಟಿಯ ಕುರಿಗಳಿಗೆಲ್ಲ ಇದ್ದದ್ದು ಕಾರೆಬಯಲು ಒಂದೇ. ಅದು ಹೋದರೆ ಕುರಿ ಮಾರುವುದು, ಅಷ್ಟೆ. ಸಂಜೆ ಹೊತ್ತು ಊರಿನ ಹುಡುಗರು ಅದೇ ಬಯಲಿಗೆ ಕ್ರಿಕೆಟ್ ಆಡಲು ಬರುತ್ತಿದ್ದರು, ಹೆಂಗಸರು ಗುಂಪಾಗಿ ಅಡ್ಡಾಡಲು ಬರುತ್ತಿದ್ದರು. ಕುರಿಯೂ ಜನವೂ ಒಂದೇ ಜಾಗದಲ್ಲಿ ಜಗಳವಿಲ್ಲದೆ ಇದ್ದದ್ದನ್ನು ಕಣ್ಣಾರೆ ಕಂಡೆ. ನನಗೆ ಬೇಕಾದ ಬಯಲು ಆಗಲೇ ಅಲ್ಲಿತ್ತು. ಹೊಸದಾಗಿ ಏನೂ ಮಾಡಬೇಕಿರಲಿಲ್ಲ, ಯಾರೂ ಮುಟ್ಟದಂತೆ ನೋಡಿಕೊಂಡರೆ ಸಾಕಿತ್ತು.

ಆಫೀಸಿಗೆ ಬಂದು ಕಾರೆಬಯಲಿಗೆ ಪೂರ್ತಿ ಹಸಿರು ಹಚ್ಚಿಸಿದೆ. ಬಣ್ಣಗಳ ಪಟ್ಟಿಯಲ್ಲಿ ಕುರಿ ಮೇಯುವ ಜಾಗಕ್ಕೆ ಪ್ರತ್ಯೇಕ ಬಣ್ಣವಿದೆಯೇ ಎಂದು ಹುಡುಕಿದೆ. ಇರಲಿಲ್ಲ. ನಗರದೊಳಗೆ ಕುರಿ ಎಂಬ ಪ್ರಾಣಿಯನ್ನು ನಮ್ಮ ನಿಯಮ ಬರೆದವರು ಊಹಿಸಿಯೇ ಇರಲಿಲ್ಲ. ಇದ್ದದ್ದು ಉದ್ಯಾನ ಮತ್ತು ಬಯಲು ಎಂಬ ಒಂದೇ ಹಸಿರು. ಇರಲಿ, ಮನೆ ಏಳದಿದ್ದರೆ ಸಾಕು ಎಂದುಕೊಂಡೆ. ತಿಪ್ಪೇಸ್ವಾಮಿ ಬಣ್ಣ ತುಂಬಿಸಿ, ಇಷ್ಟು ದೊಡ್ಡ ಹಸಿರನ್ನು ನಾನು ಸರ್ವೀಸಿನಲ್ಲೇ ಬರೆದಿರಲಿಲ್ಲ ಮೇಡಂ ಎಂದರು. ಅವತ್ತು ನಾನು ಎಷ್ಟು ಖುಷಿಯಾಗಿದ್ದೆ ಎಂದರೆ, ದಾರಿಯಲ್ಲಿ ಸಿಕ್ಕ ಗುಮಾಸ್ತರಿಗೆಲ್ಲ ಮಂಡಕ್ಕಿ ಮಿರ್ಚಿ ಕೊಡಿಸಿದೆ.

ಕರಡು ನಕ್ಷೆ ಪ್ರಕಟವಾದದ್ದು ಆಶ್ವಯುಜದಲ್ಲಿ, ದೀಪಾವಳಿಗೆ ಸ್ವಲ್ಪ ಮುಂಚೆ. ಆಕ್ಷೇಪಣೆ ಇದ್ದವರು ಇಂತಿಷ್ಟು ದಿನದೊಳಗೆ ಬರೆದು ಕೊಡಬೇಕೆಂಬುದು ಕ್ರಮ. ಬಡಾವಣೆ ಬಂದರೆ ಬೆಲೆ ಏರುತ್ತದೆಂದು ಕಾರೆಬಯಲಿನ ಸುತ್ತ ಜಮೀನು ಕೊಂಡಿಟ್ಟವರಿಂದ ತಕರಾರು ಬಂದೇ ಬರುತ್ತದೆಂದು ಗೊತ್ತಿತ್ತು, ಅದಕ್ಕೆ ಉತ್ತರವನ್ನೂ ಸಿದ್ಧ ಮಾಡಿಕೊಂಡಿದ್ದೆ. ಹಬ್ಬ ಕಳೆದು ಆಫೀಸಿಗೆ ಬಂದರೆ ಮೇಜಿನ ಮೇಲೆ ಹಟ್ಟಿಯವರ ಅರ್ಜಿ ಇತ್ತು. ಕಾರೆಬಯಲಿನ ಹಸಿರು ಬಣ್ಣ ತೆಗೆಯಬೇಕು ಎಂದು ಹಟ್ಟಿಯ ಎಲ್ಲ ಮನೆಯವರೂ ಸಹಿ ಹಾಕಿ, ಹೆಬ್ಬೆಟ್ಟು ಒತ್ತಿದ್ದರು. ಬೀರಣ್ಣನ ಸಹಿಯೇ ಮೊದಲು. ಯಾರಿಗಾಗಿ ಉಳಿಸುತ್ತಿದ್ದೇನೋ ಅವರೇ ಬೇಡವೆನ್ನುತ್ತಿದ್ದರು.

ಕೂಡಲೇ ಹಟ್ಟಿಗೆ ಹೋದೆ. ಬೀರಣ್ಣ ಮುಚ್ಚುಮರೆ ಮಾಡಲಿಲ್ಲ. ಊರಿನ ಇನ್ನೊಂದು ದಿಕ್ಕಿಗೆ ಒಂದು ಕೆರೆಯಂಗಳವಿತ್ತು, ಅವರ ಅಪ್ಪನ ಕಾಲದಿಂದ ಕುರಿ ನೀರು ಕುಡಿಯುತ್ತಿದ್ದ ಜಾಗ. ಕೆಲವು ವರ್ಷಗಳ ಹಿಂದೆ ಅದು ಪಾರ್ಕಾಯಿತು. ಸುತ್ತ ತಂತಿಬೇಲಿ, ಮುಂದೆ ಕಬ್ಬಿಣದ ಗೇಟು, ಗೇಟಿನ ಮೇಲೆ ದನ ಕುರಿಗಳಿಗೆ ಪ್ರವೇಶವಿಲ್ಲ ಎಂಬ ಬೋರ್ಡು. ಎರಡನೇ ಬೇಸಿಗೆಗೆ ನೀರಿಲ್ಲದೆ ಗಿಡಗಳು ಒಣಗಿದವು, ಗೇಟಿಗೆ ಬೀಗ ಬಿತ್ತು, ಬೀಗ ಇನ್ನೂ ಹಾಗೇ ಇದೆ. ಕುರಿಗೂ ಇಲ್ಲ, ಮನುಷ್ಯರಿಗೂ ಇಲ್ಲ. ನಕ್ಷೆಯಲ್ಲಿ ಅದಕ್ಕೆ ಹಚ್ಚಿದ್ದ ಬಣ್ಣವೂ ಇದೇ ಹಸಿರು.

'ಆ ಬಣ್ಣ ಬಂದ್ ಮ್ಯಾಲೆ ಬೇಲಿ ಬರ್ತೈತೆ ಮೇಡಮ್ಮೋರೆ. ಹಳದಿ ಇದ್ರೆ ಮನೆ ಕಟ್ಟಾಕೆ ಇನ್ನೂ ಎಷ್ಟೋ ವರ್ಷ ಆಗ್ತೈತೆ, ಅಲ್ಲೀತನಕ ಮೇಯ್ಸಬೋದು. ಬೇಲಿ ಆದ್ರೆ ಮರುದಿನಾನೇ ಬಿಗೀತಾರೆ' ಎಂದರು ಬೀರಣ್ಣ.

ಇದರಲ್ಲಿ ಎಲ್ಲಿದೆ ಮೂರ್ಖತನ? ಬಿಸಿಹಾಲು ಕುಡಿದು ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರೆ. ಅವತ್ತು ಮಧ್ಯಾಹ್ನವೆಲ್ಲ ಬೀರಣ್ಣನ ಜೊತೆ ಬಯಲಿನಲ್ಲಿ ಅಡ್ಡಾಡಿದೆ. ಹಳದಿ ಮಾಡಿದರೆ ಈ ಹೆದ್ದಾರಿ ಪಕ್ಕದ ಜಾಗ ವರ್ಷ ತುಂಬುವುದರೊಳಗೆ ಸೈಟಾಗುತ್ತದೆ ಎಂದು ವಿವರಿಸಿದೆ. ಅಳತೆ ಮಾಡಲು ಬಂದವರ ಗೂಟಗಳು ಪಕ್ಕದ ಹೊಲದಲ್ಲಿ ಆಗಲೇ ಇದ್ದವು, ಅವನ್ನು ತೋರಿಸಿದೆ. ಹಸಿರು ಉಳಿದರೆ ಬೇಲಿ ಹಾಕುವ ಪ್ರಸ್ತಾವ ಬಂದ ದಿನ ಜಗಳವಾಡಲು ಜಾಗವಾದರೂ ಇರುತ್ತದೆ, ಸೈಟಾದ ಮೇಲೆ ಜಗಳಕ್ಕೂ ಜಾಗವಿರುವುದಿಲ್ಲ ಎಂದೆ. ಬೀರಣ್ಣ ಹೋಗಿ ಒಂದು ಗೂಟವನ್ನು ಅಲುಗಾಡಿಸಿ ನೋಡಿದರು. ಅವರಿಗೆ ಅರ್ಥವಾಯಿತು. ಅರ್ಥವಾದದ್ದು ಅವರ ಮುಖದಲ್ಲೇ ಕಂಡಿತು, ಮುಖ ಕಪ್ಪಿಟ್ಟಿತು.

'ಕೆಟ್ ಮ್ಯಾಲೆ ಬುದ್ಧಿ ಬಂತು, ಅಟ್ ಮ್ಯಾಲೆ ಒಲೆ ಉರೀತು' ಎಂದಷ್ಟೇ ಅಂದರು.

ಹಾಗಾದರೆ ಅರ್ಜಿ ವಾಪಸು ತಗೊಳ್ಳಿ, ಇನ್ನೂ ದಿನ ಇದೆ ಎಂದೆ. ಆಗ ಗೊತ್ತಾಯಿತು ಆ ಅರ್ಜಿ ಹುಟ್ಟಿದ ಬಗೆ. ದೀಪಾವಳಿಯಲ್ಲಿ ಹಟ್ಟಿಯವರೆಲ್ಲ ದೇವರ ಗುಡಿಯ ಮುಂದೆ ಕರಿಕಂಬಳಿ ಹಾಸಿ, ಅದರ ಮೇಲೆ ಭಂಡಾರ, ಎಂದರೆ ದೇವರ ಅರಿಸಿನದ ಪುಡಿ, ಇಟ್ಟು ಕೂರುತ್ತಾರೆ. ವರ್ಷದ ದೊಡ್ಡ ಮಾತುಗಳೆಲ್ಲ ತೀರ್ಮಾನವಾಗುವುದು ಅಲ್ಲಿ. ಭಂಡಾರ ಮುಟ್ಟಿ ಒಪ್ಪಿದ ಮೇಲೆ ಕಂಬಳಿ ಮಡಿಚುತ್ತಾರೆ. ಮಡಿಚಿದ ಕಂಬಳಿಯನ್ನು ಅದೇ ಮಾತಿಗೆ ಮತ್ತೆ ಬಿಚ್ಚುವುದು ಮುಂದಿನ ದೀಪಾವಳಿಗೇ. ನಡುವೆ ಮಾತು ತಿರುಗಿಸಿದವನ ಕುರಿಗಳನ್ನು ಹಟ್ಟಿಯ ಹಿಂಡಿನಲ್ಲಿ ಕೂಡಿಸಿಕೊಳ್ಳುವುದಿಲ್ಲ. ಹಸಿರು ತೆಗೆಸಬೇಕೆಂಬ ಮಾತು ಆ ಕಂಬಳಿಯ ಮೇಲೆ ಆಗಿತ್ತು. ಆ ಮಾತು ಎತ್ತಿದವರು ಬೇರೆ ಯಾರೂ ಅಲ್ಲ, ಬೀರಣ್ಣನೇ.

ನಾನು ಬೇಡಿಕೊಂಡೆ. ಸಿಟ್ಟು ಮಾಡಿದೆ. ಹಟ್ಟಿಯೇ ಹಾಳಾಗುವ ಹೊತ್ತಿನಲ್ಲಿ ಇದೆಂಥ ಕಟ್ಟುಪಾಡು ಎಂದು ಕೂಗಾಡಿದೆ. ಗಂಗಕ್ಕ ನನ್ನ ಕೈ ಹಿಡಿದು ಕೂರಿಸಿ, ಕಂಬಳಿಯ ಮಾತು ನಂಬಿಯೇ ಅಲ್ಲವೇ ಒಬ್ಬರ ಕುರಿ ಇನ್ನೊಬ್ಬರು ಕಾಯುವುದು, ಅದನ್ನು ಒಂದು ಸಲ ಮುರಿದರೆ ಬಯಲು ಉಳಿದರೂ ಹಟ್ಟಿ ಉಳಿಯುವುದಿಲ್ಲ ಎಂದು ಸಮಾಧಾನದಿಂದ ಹೇಳಿದರು. ಆಫೀಸಿಗೆ ಬಂದು ಇದನ್ನೆಲ್ಲ ಹೇಳಿದರೆ ತಿಪ್ಪೇಸ್ವಾಮಿ, ನಮ್ಮ ನಿಯಮ ನಾವು ಬಿಡ್ತೀವಾ ಮೇಡಂ, ಅವರೂ ಅವರದ್ದು ಬಿಡಲ್ಲ ಎಂದರು. ಅದು ಸರಿಯೇ. ನಮ್ಮ ಕೊನೆಯ ದಿನಾಂಕವನ್ನು ಮುಂದಿನ ದೀಪಾವಳಿಗೆ ದೂಡಲು ನಾನು ಮೇಲಿನವರನ್ನು ಕೇಳಿದಾಗ, ಹಬ್ಬ ನೋಡಿಕೊಂಡು ಮಾಸ್ಟರ್ ಪ್ಲಾನ್ ಮಾಡುವುದಾದರೆ ಪಂಚಾಂಗದವರನ್ನೇ ಕೂರಿಸಬೇಕಾಗುತ್ತದೆ ಎಂದು ನಕ್ಕಿದ್ದರು.

ಆ ಚಳಿಗಾಲ ನಾನು ಹಟ್ಟಿಯ ಕಡೆ ಹೋಗಲಿಲ್ಲ. ಕುರಿಗಳು ತುರುವನೂರಿನ ಕಡೆ ಹೋಗಿದ್ದವು, ಬಯಲು ಬಿಕೋ ಎನ್ನುತ್ತಿತ್ತೆಂದು ತಿಪ್ಪೇಸ್ವಾಮಿ ಹೇಳಿದರು. ನಾನು ಕೂತು ಮರುಉತ್ತರಗಳನ್ನು ಬರೆದೆ. ಕಾರೆಬಯಲು ತುಂಬಿದರೆ ಬೆಟ್ಟದ ನೀರು ಎಲ್ಲಿಗೆ ಹೋಗಬೇಕು, ಆ ದಿಕ್ಕಿಗೆ ಬೆಳೆಯುವ ಊರಿಗೆ ಮತ್ತೊಂದು ಬಯಲು ಎಲ್ಲಿದೆ ಎಂದು ಪುಟಗಟ್ಟಲೆ ಬರೆದೆ. ಬರೆಯುವಾಗಲೇ ಗೊತ್ತಿತ್ತು, ಓದುವವರು ಕೊನೆಯ ಪುಟ ಮಾತ್ರ ನೋಡುತ್ತಾರೆ ಎಂದು.

ವಿಚಾರಣೆ ನಡೆದದ್ದು ಮಾಘದ ಒಂದು ಬೆಳಗ್ಗೆ, ಕಚೇರಿಯ ಸಭಾಂಗಣದಲ್ಲಿ. ಜಮೀನಿನವರು ವಕೀಲರನ್ನು ಕರೆತಂದಿದ್ದರು. ಅವರ ವಾದವನ್ನೆಲ್ಲ ನಮ್ಮ ಹಿರಿಯ ಅಧಿಕಾರಿ ತಾಳ್ಮೆಯಿಂದ ಕೇಳಿದರು. ಕೆಟ್ಟ ಮನುಷ್ಯರೇನಲ್ಲ, ಕಾರೆಬಯಲಿನ ನೀರಿನ ವಿಷಯ ನಾನು ಬರೆದದ್ದನ್ನು ಓದಿಯೂ ಇದ್ದರು. ಜಮೀನಿನವರ ತಕರಾರನ್ನು ಒಪ್ಪುವಂತೆ ಕಾಣಲಿಲ್ಲ. ಒಂದು ಗಳಿಗೆ ನನ್ನ ಎದೆ ಹಗುರಾಯಿತು. ಆಮೇಲೆ ಹಟ್ಟಿಯ ಸರದಿ ಬಂತು. ಬೀರಣ್ಣ ಎದ್ದು ನಿಂತು, ಹಸಿರು ತೆಗೀಬೇಕು ಎಂದು ಒಂದೇ ಮಾತು ಹೇಳಿದರು. ನಾನು ತಡೆಯಲಾರದೆ, ಬೀರಣ್ಣ, ನಿಮ್ಮ ಮನಸ್ಸಿನಲ್ಲಿ ಏನಿದೆ ಅದನ್ನು ಹೇಳಿ ಎಂದೆ. ಸಭೆಯಲ್ಲಿ ಹಾಗೆ ಕೇಳುವಂತಿರಲಿಲ್ಲ, ಆದರೂ ಕೇಳಿದೆ.

ಅವರು ನನ್ನತ್ತ ನೋಡಲಿಲ್ಲ. 'ನನ್ ಮನಸಿಂದು ಬ್ಯಾರೆ, ಹಟ್ಟಿ ಮಾತು ಬ್ಯಾರೆ. ನಾನು ಇಲ್ಲಿಗೆ ಹಟ್ಟಿ ಮಾತು ಹೇಳಾಕೆ ಬಂದೀನಿ.'

ಹಿರಿಯ ಅಧಿಕಾರಿ ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. ಆ ಜಾಗ ಬಳಸುವವರೇ ಬೇಡ ಎಂದ ಮೇಲೆ ನಾವು ಯಾರಿಗೆಂದು ಉಳಿಸೋಣ ಎಂದು ಕೇಳಿದರು. ದನಿಯಲ್ಲಿ ಕುಹಕ ಇರಲಿಲ್ಲ. ಇದ್ದಿದ್ದರೆ ಜಗಳವಾಡಬಹುದಿತ್ತು. ನಾನು ಊರಿಗೆ ಎಂದೆ. ಊರು ಎಂದು ಅರ್ಜಿ ಕೊಟ್ಟವರು ಯಾರೂ ಇರಲಿಲ್ಲ. ಸಂಜೆ ಕ್ರಿಕೆಟ್ ಆಡುವ ಹುಡುಗರಾಗಲಿ, ಅಡ್ಡಾಡಲು ಬರುವ ಹೆಂಗಸರಾಗಲಿ ಯಾವ ನಕ್ಷೆಯನ್ನೂ ನೋಡಿರಲಿಲ್ಲ. ಬೀರಣ್ಣ ಕಂಬಳಿ ಹೊದ್ದುಕೊಂಡು ಹೊರಟರು.

ಯುಗಾದಿಯ ಹೊತ್ತಿಗೆ ತಿಪ್ಪೇಸ್ವಾಮಿ ಕಾರೆಬಯಲಿಗೆ ಹಳದಿ ತುಂಬಿದರು. ನನ್ನನ್ನು ಕರೆಯದೆ, ನಾನು ಊಟಕ್ಕೆ ಹೋದಾಗ ಮಾಡಿದರು. ಅಷ್ಟು ದಾಕ್ಷಿಣ್ಯ ಆ ಮನುಷ್ಯನಿಗಿತ್ತು. ನಾನು ವರ್ಗಕ್ಕೆ ಬರೆದುಕೊಟ್ಟೆ. ಅದೂ ಬೇಗ ಬರಲಿಲ್ಲ, ದೇವರು ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಮತ್ತೆ ಆಷಾಢದ ಗಾಳಿ ಬೀಸಿತು. ಗೋಮಾಳದಲ್ಲಿ ಸರ್ಕಾರದ್ದೇ ವಸತಿ ಬಡಾವಣೆ ಎಂದು ತೀರ್ಮಾನವಾಯಿತು. ಜೆಸಿಬಿ ಬಂದು ಕಾರೆಗಿಡಗಳನ್ನು ಕಿತ್ತು ಹಾಕಿತು, ಹಳ್ಳವನ್ನು ಪೈಪಿಗೆ ಸೇರಿಸಿದರು. ಮಳೆಗಾಲ ಪೂರ್ತಿ ಹಟ್ಟಿಯವರು ರಸ್ತೆಯಂಚಿನ ಹುಲ್ಲಿಗೆ ಕುರಿ ಅಟ್ಟಿಕೊಂಡು ಅಲೆದರು. ಲಾರಿಗೆ ಸಿಕ್ಕು ಕುರಿಗಳು ಸತ್ತವೆಂಬ ಸುದ್ದಿ ಬಂತು. ಎರಡು ಮನೆಯವರು ಇದ್ದ ಕುರಿಯನ್ನೆಲ್ಲ ಮಾರಿ ಗಾರೆ ಕೆಲಸಕ್ಕೆ ಹೋದರು, ಆ ಬಯಲಿನದೇ ಗಾರೆ ಕೆಲಸಕ್ಕೆ.

ಆ ವರ್ಷದ ದೀಪಾವಳಿ ಕಳೆದ ಎರಡನೆಯ ದಿನ ಬೀರಣ್ಣ ಆಫೀಸಿಗೆ ಬಂದರು. ಹಣೆಗೆ ಭಂಡಾರ, ಹೆಗಲ ಮೇಲೆ ಕಂಬಳಿ. ಕುಂತ್ಕಳ್ರಿ ಎಂದರೂ ಕೂರಲಿಲ್ಲ.

'ಕಂಬ್ಳಿ ಬಿಚ್ಚಿದ್ವಿ ಮೇಡಮ್ಮೋರೆ. ಮಾತು ತಿರುಗ್ತು. ಕಾರೆಬಯಲು ಹಸಿರಾಗೇ ಇರ್ಲಿ ಅಂತ ಹಟ್ಟಿ ಹೇಳೈತೆ.'

ಅಲ್ಲಿ ಸೈಟಿನ ಕಲ್ಲು ನೆಟ್ಟಾಗಿದೆ ಬೀರಣ್ಣ ಎಂದೆ. ಆ ಕಲ್ಲುಗಳ ನಡುವೆಯೇ ನಡೆದು ಬಂದೆ, ಗೊತ್ತಿದೆ, ಆದರೆ ಹಟ್ಟಿಯ ಮಾತು ಮುಟ್ಟಿಸಬೇಕಲ್ಲ ಎಂದರು ಅವರು. ಆಮೇಲೆ ಮೇಜಿನ ಮೇಲಿದ್ದ ನಕ್ಷೆಯತ್ತ ಬಂದು, ಕುರಿ ಎಲ್ಲಿಗೆ ಹೋಗಬಹುದು ತೋರಿಸಿ ಎಂದು ಕೇಳಿದರು. ನಾನೂ ಅವರೂ ಸೇರಿ ಹುಡುಕಿದೆವು. ಉಳಿದಿದ್ದ ಹಸಿರಿನ ಮೇಲೆಲ್ಲ ಅವರ ಬೆರಳು ನಿಂತಿತು. ಬಂಡೆ ಎಂದೆ. ಕಾಲುವೆಯಂಚು ಎಂದೆ. ಸ್ಮಶಾನ ಎಂದೆ. ಬೆರಳು ಹಳದಿಯನ್ನು ದಾಟುತ್ತ ದಾಟುತ್ತ ಹಾಳೆಯ ಅಂಚಿನ ದಪ್ಪ ಕಪ್ಪು ಗೆರೆಗೆ ಬಂತು. ಇದೇನು ಎಂದರು. ನಮ್ಮ ಯೋಜನೆಯ ಗಡಿ, ಅಲ್ಲಿಂದಾಚೆ ನಾವು ಬಣ್ಣ ಹಚ್ಚುವುದಿಲ್ಲ ಎಂದೆ. ಬೀರಣ್ಣನ ಮುಖದಲ್ಲಿ ಅಷ್ಟು ದಿನಗಳ ಮೇಲೆ ಒಂದಿಷ್ಟು ಕಳೆ ಬಂತು. ಹಾಗಾದರೆ ಆ ಕಡೆಗೆ ಹಟ್ಟಿ ಎತ್ತುವುದೇ ಸರಿ ಎಂದರು. ಮತ್ತೆ ಅದರ ಮೇಲೆ ಬೆರಳಿಟ್ಟು, ಈ ಗೆರೆ ಇಲ್ಲೇ ನಿಲ್ಲುತ್ತದೆಯೇ ಎಂದು ಕೇಳಿದರು.

ನಾನು ಸುಳ್ಳು ಹೇಳಬಹುದಿತ್ತು. ಮುಂದಿನ ನಕ್ಷೆಯಲ್ಲಿ ಅದು ಇನ್ನೂ ಆಚೆಗೆ ಹೋಗುತ್ತದೆ ಬೀರಣ್ಣ, ಊರು ಬೆಳೆದಂತೆ ಗೆರೆಯೂ ಸರಿಯುತ್ತದೆ ಎಂದೆ.

ಅವರು ಕಂಬಳಿಯನ್ನು ಈ ಹೆಗಲಿಂದ ಆ ಹೆಗಲಿಗೆ ಹಾಕಿಕೊಂಡರು.

'ಹಂಗಾರೆ ಹೊಸ ನಕ್ಷೆ ಬರೆಯೋವಾಗ ನಮ್ಮನ್ನ ಕೇಳಾಕೆ ಬರಬ್ಯಾಡ್ರಿ ಮೇಡಮ್ಮೋರೆ. ಕಂಬ್ಳಿ ಹಾಸಾಕೆ ಆಗ ಹಟ್ಟಿ ಇರಲ್ಲ.'